ಹನ್ನೊಂದನೆಯ ತರಗತಿಗೇ ಹೈಸ್ಕೂಲು ಮುಗಿಸುತ್ತೇನೆ ಎನ್ನುವ ಮಗಳಿಗೆ ಏನು ಹೇಳಲಿ?

ಫ್ರೀಮಾಂಟ್‌ನ ತಾಯಿ

ಎಲ್ಲರಿಗೂ ನಮಸ್ಕಾರ. ನಾವು ಹಾಸನದ ಕಡೆಯವರು. ಕ್ಯಾಲಿಫೋರ್ನಿಯಾಕ್ಕೆ ಬಂದು 9 ವರ್ಷಗಳಾದವು. ಮಗಳು ಇಲ್ಲಿನ ಸರ್ಕಾರಿ ಹೈಸ್ಕೂಲಿನಲ್ಲಿ ಹತ್ತನೆಯ ತರಗತಿಯಲ್ಲಿ ಓದುತ್ತಿದ್ದಾಳೆ. ಇಲ್ಲಿ ಹೈಸ್ಕೂಲೆಂದರೆ ಒಂಬತ್ತರಿಂದ ಹನ್ನೆರಡರವರೆಗೆ, ನಾಲ್ಕು ವರ್ಷ. ಕಳೆದ ತಿಂಗಳಷ್ಟೇ ಅವಳಿಗೆ 16 ತುಂಬಿತು. ಹೋದ ವಾರ ರಾತ್ರಿ ಊಟಕ್ಕೆ ಕುಳಿತಾಗ, ತಾನು ಹನ್ನೆರಡನೆಯ ತರಗತಿಯನ್ನು ಓದುವುದಿಲ್ಲವೆಂದೂ, ಹನ್ನೊಂದನೆಯ ತರಗತಿಯ ಕೊನೆಗೇ ಹೈಸ್ಕೂಲು ಮುಗಿಸಿದ ಪ್ರಮಾಣಪತ್ರವಾದ ಡಿಪ್ಲೊಮಾ ಪಡೆದು ಕಾಲೇಜಿಗೆ ಸೇರುತ್ತೇನೆಂದೂ ಹೇಳಿದಳು. ಬಾಯಿಮಾತಿಗೆ ಹೇಳಿದ್ದಲ್ಲ. ಯಾವ ವಿಷಯ ಬಾಕಿಯಿದೆ, ಯಾವುದನ್ನು ಬೇಸಿಗೆಯಲ್ಲಿ ಮುಗಿಸಬಹುದು ಎಂದು ಒಂದು ಹಾಳೆಯಲ್ಲಿ ಪಟ್ಟಿ ಮಾಡಿಕೊಂಡೇ ಬಂದಿದ್ದಳು. ಶಾಲೆಯ ಕೌನ್ಸೆಲರ್ ಕೂಡ "ಕ್ರೆಡಿಟ್ ಲೆಕ್ಕದಲ್ಲಿ ಇದು ಸಾಧ್ಯ" ಎಂದಿದ್ದಾರಂತೆ; ಮುಗಿಸಿದ ಪಾಠಗಳಿಗೆ ಸಿಗುವ ಎಣಿಕೆಯೇ ಇಲ್ಲಿ ಕ್ರೆಡಿಟ್.

ಯಜಮಾನರು, ಓದುವ ಮಗುವಿಗೆ ಅಡ್ಡ ಬರಬಾರದು ಎನ್ನುತ್ತಾರೆ. ಅತ್ತೆಯವರು ಊರಿನಿಂದ ಫೋನಿನಲ್ಲಿ, 17ನೆಯ ವಯಸ್ಸಿಗೆ ಹುಡುಗಿಯನ್ನು ಹಾಸ್ಟೆಲಿಗೆ ಕಳಿಸುವ ಅವಸರವೇನಿದೆ ಎನ್ನುತ್ತಾರೆ. ಇಬ್ಬರ ಮಾತೂ ನನಗೆ ಸರಿಯೆನ್ನಿಸುತ್ತದೆ. ಅದೇ ನನ್ನ ಕಷ್ಟ. ಎಸ್‌ಎಸ್‌ಎಲ್‌ಸಿ, ಪಿಯುಸಿ ಎಂದು ಹಳಿಯ ಮೇಲೆ ಸಾಗಿ ಬಂದವಳು ನಾನು. ನಮ್ಮ ಕಾಲದಲ್ಲಿ ಇಂಥ ಪ್ರಶ್ನೆಯೇ ಏಳುತ್ತಿರಲಿಲ್ಲ. ಈ ದಾರಿಯಲ್ಲಿ ನಡೆದವರು, ತಮ್ಮ ಮಕ್ಕಳನ್ನು ನಡೆಸಿದವರು ಯಾರಾದರೂ ಇದ್ದರೆ, ಆದದ್ದನ್ನು ಆದ ಹಾಗೆಯೇ ತಿಳಿಸಬೇಕೆಂದು ಕೋರುತ್ತೇನೆ.

ಡಲ್ಲಾಸ್‌ನ ತಂದೆ

ನಮ್ಮ ಹಿರಿಯ ಮಗಳು ಎರಡು ವರ್ಷದ ಹಿಂದೆ ಮೂರೇ ವರ್ಷಕ್ಕೆ ಹೈಸ್ಕೂಲು ಮುಗಿಸಿದಳು. ಟೆಕ್ಸಾಸ್‌ನಲ್ಲಿ ಮೂಲ ಡಿಪ್ಲೊಮಾಕ್ಕೆ 22 ಕ್ರೆಡಿಟ್ ಸಾಕು; ಒಂದು ವಿಶೇಷ ಕ್ಷೇತ್ರವನ್ನು ಆರಿಸಿಕೊಂಡು ಅದರ ಅನುಮೋದನೆ ಸೇರಬೇಕೆಂದರೆ 26 ಬೇಕು. ಅವಳು 26ನ್ನೂ ಮುಗಿಸಿದಳು. ಎರಡು ಬೇಸಿಗೆ ಹೋಯಿತು, ಮೈಸೂರಿಗೆ ಹೋಗುವ ಒಂದು ಪ್ರವಾಸ ತಪ್ಪಿತು. ಈಗ ಕಾಲೇಜಿನಲ್ಲಿ ಸಂತೋಷವಾಗಿದ್ದಾಳೆ.

ಆದರೆ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ನರ್ಸಿಂಗ್ ಓದಬೇಕೆಂಬುದು ಅವಳಿಗೆ ಎಂಟನೆಯ ತರಗತಿಯಿಂದಲೇ ನಿಶ್ಚಯವಾಗಿತ್ತು. ಹೋಗಬೇಕಾದ ಊರು ಗೊತ್ತಿದ್ದವರಿಗೆ ಬೇಗ ಹೊರಡುವುದರಲ್ಲಿ ಅರ್ಥವಿದೆ. ನಿಮ್ಮ ಮಗಳಿಗೆ ಏನು ಓದುವ ಮನಸ್ಸು?

ಫ್ರೀಮಾಂಟ್‌ನ ತಾಯಿ

ಗಣಿತವೆಂದರೆ ಪ್ರಾಣ. ಕಮ್ಯುನಿಟಿ ಕಾಲೇಜಿನಲ್ಲಿ, ಅಂದರೆ ಊರಿನ ಎರಡು ವರ್ಷದ ಸರ್ಕಾರಿ ಕಾಲೇಜಿನಲ್ಲಿ, ಈಗಾಗಲೇ ಕ್ಯಾಲ್ಕುಲಸ್ ತೆಗೆದುಕೊಂಡಿದ್ದಾಳೆ. ಅದರಾಚೆಗೆ ಏನೆಂದು ಕೇಳಿದರೆ ಸುಮ್ಮನಾಗುತ್ತಾಳೆ.

ಮೈಸೂರಿನ ನಿವೃತ್ತ ಉಪನ್ಯಾಸಕ

ಪಿಯು ಕಾಲೇಜಿನಲ್ಲಿ 31 ವರ್ಷ ಭೌತಶಾಸ್ತ್ರ ಕಲಿಸಿದವನಾಗಿ ಬರೆಯುತ್ತಿದ್ದೇನೆ. ಮೊಮ್ಮಗ ಅಮೆರಿಕದಲ್ಲಿ ಓದುತ್ತಿರುವುದರಿಂದ ಈ ಚರ್ಚೆಯನ್ನು ಆಸಕ್ತಿಯಿಂದ ಓದಿದೆ. ನಮ್ಮ ಕಾಲದಲ್ಲಿ ಡಬಲ್ ಪ್ರಮೋಷನ್ ಎಂಬುದೊಂದಿತ್ತು. ಚೂಟಿ ಹುಡುಗನೆಂದರೆ ಮೇಷ್ಟ್ರು ಎರಡನೆಯ ತರಗತಿಯಿಂದ ನೇರವಾಗಿ ನಾಲ್ಕನೆಯದರಲ್ಲಿ ಕೂರಿಸುತ್ತಿದ್ದರು, ತಂದೆತಾಯಿ ಬೀದಿಯವರಿಗೆಲ್ಲ ಸಕ್ಕರೆ ಹಂಚುತ್ತಿದ್ದರು. ಅಂಥ ಹಲವರು ನನ್ನ ತರಗತಿಗೂ ಬಂದರು. ಲೆಕ್ಕದಲ್ಲಿ ಮುಂದಿರುತ್ತಿದ್ದರು, ಆದರೆ ಆಟದ ಮೈದಾನದಲ್ಲಿ, ಗೆಳೆತನದಲ್ಲಿ, ಸೋಲನ್ನು ತಾಳಿಕೊಳ್ಳುವುದರಲ್ಲಿ ಚಿಕ್ಕ ಮಕ್ಕಳಾಗಿಯೇ ಉಳಿದಿರುತ್ತಿದ್ದರು. ಮೊದಲ ಬಾರಿಗೆ ಕಡಿಮೆ ಅಂಕ ಬಂದ ದಿನ ಅವರ ಮುಖ ಹೇಗಿರುತ್ತಿತ್ತೆಂಬುದು ನನಗೆ ಇಂದಿಗೂ ನೆನಪಿದೆ. ಒಂದು ವರ್ಷ ಉಳಿಸಿಕೊಂಡು ಯಾವ ಬ್ಯಾಂಕಿನಲ್ಲಿ ಇಡುತ್ತೀರಿ, ತಾಯಿ?

ಡಲ್ಲಾಸ್‌ನ ತಂದೆ

ಸರ್, ತಮ್ಮ ಅನುಭವಕ್ಕೆ ಗೌರವವಿದೆ, ಆದರೆ ಹೋಲಿಕೆ ಸರಿಯಲ್ಲ. ಡಬಲ್ ಪ್ರಮೋಷನ್ನಿನಲ್ಲಿ ಮಗು ಒಂದು ತರಗತಿಯ ಪಾಠವನ್ನೇ ಬಿಟ್ಟು ಮುಂದೆ ಹೋಗುತ್ತಿತ್ತು. ಇಲ್ಲಿ ಯಾವ ಪಾಠವೂ ಬಿಟ್ಟುಹೋಗುವುದಿಲ್ಲ; ನಾಲ್ಕು ವರ್ಷದ ವಿಷಯಗಳನ್ನು ಮೂರು ವರ್ಷದಲ್ಲಿ, ಬೇಸಿಗೆಯನ್ನೂ ಸೇರಿಸಿಕೊಂಡು ಪೂರೈಸಬೇಕು. ಅಲ್ಲದೆ ವಯಸ್ಸು ಚಿಕ್ಕದಾದ ಮಾತ್ರಕ್ಕೆ ಎಲ್ಲರೂ ಕುಗ್ಗುವುದಿಲ್ಲ. ಮಾರ್ಟಿನ್ ಲೂಥರ್ ಕಿಂಗ್ ಅವರು 1944ರಲ್ಲಿ ಮೋರ್‌ಹೌಸ್ ಕಾಲೇಜಿಗೆ ಸೇರಿದಾಗ ಅವರಿಗೆ 15 ವರ್ಷ.

ಮೈಸೂರಿನ ನಿವೃತ್ತ ಉಪನ್ಯಾಸಕ

ಅದು ಯುದ್ಧಕಾಲ. ಯುವಕರು ಸೈನ್ಯಕ್ಕೆ ಹೋಗಿ ಕಾಲೇಜಿನ ಬೆಂಚುಗಳು ಖಾಲಿಯಾಗಿದ್ದರಿಂದ ಚಿಕ್ಕವರನ್ನೂ ಸೇರಿಸಿಕೊಳ್ಳುತ್ತಿದ್ದರು. ಮಹಾಪುರುಷರ ಉದಾಹರಣೆಯನ್ನು ನಮ್ಮ ಮನೆಯ ಮಕ್ಕಳಿಗೆ ಅಳತೆಗೋಲು ಮಾಡಬೇಡಿ. ಪಾಠ ಬಿಟ್ಟುಹೋಗುವುದಿಲ್ಲವೆಂಬ ತಮ್ಮ ತಿದ್ದುಪಡಿಯನ್ನು ಮಾತ್ರ ಒಪ್ಪುತ್ತೇನೆ.

ಬೆಲ್‌ವ್ಯೂ ನಿವಾಸಿ

ವಾಷಿಂಗ್ಟನ್ ರಾಜ್ಯದ ಅನುಭವ ಹೇಳುತ್ತೇನೆ. ಇಲ್ಲಿ 'ರನ್ನಿಂಗ್ ಸ್ಟಾರ್ಟ್' ಎಂಬ ವ್ಯವಸ್ಥೆ 1990ರ ಕಾನೂನಿನಿಂದ ಬಂದಿದೆ. ಹನ್ನೊಂದು, ಹನ್ನೆರಡನೆಯ ತರಗತಿಯವರು ಕಮ್ಯುನಿಟಿ ಕಾಲೇಜಿನಲ್ಲಿಯೇ ಕುಳಿತು ಓದಬಹುದು. ಬೋಧನಾ ಶುಲ್ಕವಿಲ್ಲ, ಪುಸ್ತಕ ಮತ್ತು ಓಡಾಟದ ಖರ್ಚು ಮನೆಯವರದು. ನನ್ನ ಮಗ ಕೂಡ ನಿಮ್ಮ ಮಗಳಂತೆಯೇ ಬೇಗ ಮುಗಿಸುತ್ತೇನೆಂದು ಹಟ ಹಿಡಿದಿದ್ದ. ಬದಲಿಗೆ ಎರಡು ವರ್ಷ ಈ ದಾರಿಯಲ್ಲಿ ಓದಿ, ಹೈಸ್ಕೂಲ್ ಡಿಪ್ಲೊಮಾ ಪಡೆಯುವ ಹೊತ್ತಿಗೆ ಕಾಲೇಜಿನ ಸುಮಾರು ಎರಡು ವರ್ಷದ ಕ್ರೆಡಿಟ್ಟನ್ನೂ ಗಳಿಸಿದ. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ ಹತ್ತನೆಯ ತರಗತಿ ಮುಗಿಸಿದವರನ್ನೇ ನೇರವಾಗಿ ಪದವಿಗೆ ಸೇರಿಸಿಕೊಳ್ಳುವ ಒಂದು ಅಕಾಡೆಮಿಯೂ ಇದೆ, ಆದರೆ ಅದಕ್ಕೆ ಪೈಪೋಟಿ ಬಹಳ.

ಈಗ ನನ್ನ ನಿಜವಾದ ವಾದಕ್ಕೆ ಬರುತ್ತೇನೆ. ಒಂದು ವರ್ಷ ಕಡಿಮೆ ಮಾಡಲೇಬೇಕೆಂದಿದ್ದರೆ ಯಾವ ವರ್ಷವನ್ನು ಕಡಿಮೆ ಮಾಡಬೇಕು? ಸರ್ಕಾರಿ ಹೈಸ್ಕೂಲಿನ ಹನ್ನೆರಡನೆಯ ವರ್ಷಕ್ಕೆ ನೀವು ಒಂದು ಡಾಲರನ್ನೂ ಕೊಡುವುದಿಲ್ಲ. ಕಾಲೇಜಿನ ಒಂದು ವರ್ಷಕ್ಕೆ ಹಾಸ್ಟೆಲ್ ಸೇರಿ ಹತ್ತಾರು ಸಾವಿರ ಡಾಲರ್ ಕೊಡುತ್ತೀರಿ. ಪುಕ್ಕಟೆಯಾದ ವರ್ಷವನ್ನು ಕತ್ತರಿಸಿ ದುಬಾರಿಯಾದ ನಾಲ್ಕು ವರ್ಷಗಳನ್ನು ಹಾಗೆಯೇ ಇಟ್ಟುಕೊಳ್ಳುವುದು ಯಾವ ಜಾಣತನ? ಹೈಸ್ಕೂಲಿನಲ್ಲಿಯೇ ಕಾಲೇಜು ಮಟ್ಟದ ಎಪಿ ಪರೀಕ್ಷೆಗಳನ್ನೂ ಕಾಲೇಜಿನ ಪಾಠಗಳನ್ನೂ ಮುಗಿಸಿಕೊಂಡು ಪದವಿಯನ್ನು ಮೂರು ವರ್ಷಕ್ಕೆ ಮುಗಿಸಲಿ.

ಡಲ್ಲಾಸ್‌ನ ತಂದೆ

ಹಣದ ಲೆಕ್ಕ ಸರಿಯಾಗಿದೆ, ಮಗುವಿನ ಲೆಕ್ಕ ಬಿಟ್ಟುಹೋಗಿದೆ. ಬೇಸರದಿಂದ ಬಾಡುತ್ತಿರುವ ಮಗುವಿಗೆ "ಇನ್ನೊಂದು ವರ್ಷ ಪುಕ್ಕಟೆಯಾಗಿ ಬಾಡು" ಎಂದು ಹೇಳಲಾಗುವುದಿಲ್ಲ. ಎಂಜಿನಿಯರಿಂಗ್, ನರ್ಸಿಂಗ್‌ಗಳಂಥ ಪದವಿಗಳಲ್ಲಿ ಒಂದು ಪಾಠ ಮುಗಿಯದೆ ಮುಂದಿನದಕ್ಕೆ ಹೋಗುವಂತಿಲ್ಲವಾದ್ದರಿಂದ, ಕೈಯಲ್ಲಿ ಎಷ್ಟು ಕ್ರೆಡಿಟ್ ಇದ್ದರೂ ಮೂರು ವರ್ಷಕ್ಕೆ ಮುಗಿಸುವುದು ಕಷ್ಟ.

ಬೆಲ್‌ವ್ಯೂ ನಿವಾಸಿ

ನಿಜ, ಎಂಜಿನಿಯರಿಂಗ್‌ಗೆ ನನ್ನ ಮಾತು ಅಷ್ಟಾಗಿ ಹೊಂದುವುದಿಲ್ಲ. ಗಣಿತದ ಪದವಿಗೆ ಹೊಂದುತ್ತದೆ. ಈ ಹುಡುಗಿ ಕ್ಯಾಲ್ಕುಲಸ್ ಮುಗಿಸಿದವಳು.

ಸ್ಯಾನ್ ಹೋಸೆಯ ಸಲಹೆಗಾರ್ತಿ

ನಾನು ಕ್ಯಾಲಿಫೋರ್ನಿಯಾದ ಒಂದು ಹೈಸ್ಕೂಲಿನಲ್ಲಿ ಕೌನ್ಸೆಲರ್ ಆಗಿ ಕೆಲಸ ಮಾಡುತ್ತೇನೆ. "ಕ್ರೆಡಿಟ್ ಲೆಕ್ಕದಲ್ಲಿ ಸಾಧ್ಯ" ಎಂಬ ಮಾತನ್ನು ನಾನೂ ಎಷ್ಟೋ ಬಾರಿ ಆಡಿದ್ದೇನೆ. ಆ ಮಾತಿನ ಹಿಂದೆ ಏನೇನು ಅಡಗಿದೆಯೆಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ.

ಡಿಪ್ಲೊಮಾ ಬೇರೆ, ವಿಶ್ವವಿದ್ಯಾಲಯದ ಪ್ರವೇಶಾರ್ಹತೆ ಬೇರೆ. ಡಿಪ್ಲೊಮಾಕ್ಕೆ ರಾಜ್ಯ ವಿಧಿಸಿರುವ ಕನಿಷ್ಠ ಮಿತಿ ಮೂರು ವರ್ಷದ ಇಂಗ್ಲಿಷ್, ಎರಡು ವರ್ಷದ ಗಣಿತ, ಎರಡು ವರ್ಷದ ವಿಜ್ಞಾನ, ಮೂರು ವರ್ಷದ ಸಮಾಜವಿಜ್ಞಾನ, ಎರಡು ವರ್ಷದ ದೈಹಿಕ ಶಿಕ್ಷಣ, ಇವುಗಳ ಜೊತೆಗೆ ಕಲೆ, ಭಾಷೆ ಅಥವಾ ವೃತ್ತಿ ಶಿಕ್ಷಣದಲ್ಲಿ ಒಂದು ವರ್ಷ. ಇದರ ಮೇಲೆ ಆಯಾ ಶಾಲಾ ಜಿಲ್ಲೆ ತನ್ನದನ್ನು ಸೇರಿಸುತ್ತದೆ. ಆದರೆ ರಾಜ್ಯದ ಎರಡು ಸರ್ಕಾರಿ ವಿಶ್ವವಿದ್ಯಾಲಯ ಸಮೂಹಗಳಾದ ಯುಸಿ (ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ) ಮತ್ತು ಕ್ಯಾಲ್ ಸ್ಟೇಟ್‌ಗಳಿಗೆ 'ಎ ಯಿಂದ ಜಿ' ಎಂಬ 15 ವಾರ್ಷಿಕ ಪಾಠಗಳ ಪಟ್ಟಿಯಿದ್ದು, ಅದರಲ್ಲಿ ಇಂಗ್ಲಿಷ್ ನಾಲ್ಕು ವರ್ಷ ಬೇಕು. ಮೂರು ವರ್ಷಕ್ಕೆ ಮುಗಿಸುವ ಮಕ್ಕಳು ಹೆಚ್ಚಾಗಿ ಎಡವುವುದು ಈ ಇಂಗ್ಲಿಷ್‌ನಲ್ಲಿಯೇ. ಇದಕ್ಕೆ ದಾರಿಯಿದೆ: ಯುಸಿಗೆ ವರ್ಗಾವಣೆಯಾಗುವ ಕಾಲೇಜು ಮಟ್ಟದ ಇಂಗ್ಲಿಷ್ ಪಾಠವೊಂದನ್ನು ಕಮ್ಯುನಿಟಿ ಕಾಲೇಜಿನಲ್ಲಿ ಒಂದು ಅವಧಿಗೆ ಮುಗಿಸಿದರೆ ಅದು ಹೈಸ್ಕೂಲಿನ ಒಂದು ವರ್ಷಕ್ಕೆ ಸಮ. ಸಾಮಾನ್ಯವಾಗಿ ಹನ್ನೆರಡನೆಯ ತರಗತಿಯಲ್ಲಿ ಓದುವ ಸರ್ಕಾರ ಮತ್ತು ಅರ್ಥಶಾಸ್ತ್ರದ ಪಾಠಗಳನ್ನು ಹನ್ನೊಂದರಲ್ಲಿ ಅಮೆರಿಕದ ಇತಿಹಾಸದ ಜೊತೆಗೇ ಓದಬೇಕಾಗುತ್ತದೆ ಎಂಬುದನ್ನೂ ಮಗಳ ಪಟ್ಟಿಯಲ್ಲಿ ನೋಡಿಕೊಳ್ಳಿ.

ಪೋಷಕರು ಗಮನಿಸದೇ ಹೋಗುವ ಸಂಗತಿ ಇನ್ನೊಂದಿದೆ, ನನ್ನ ಮಟ್ಟಿಗೆ ಅದೇ ಮುಖ್ಯ. ಯುಸಿ ಅರ್ಜಿ ತುಂಬುವುದು ನವೆಂಬರಿನಲ್ಲಿ. ಅಂದರೆ ನಿಮ್ಮ ಮಗಳು ಹನ್ನೊಂದನೆಯ ತರಗತಿ ಶುರುವಾಗಿ ಮೂರು ತಿಂಗಳಿಗೇ ಅರ್ಜಿ ಹಾಕಬೇಕು. ಯುಸಿ ಸರಾಸರಿ ಅಂಕವನ್ನು ಲೆಕ್ಕ ಹಾಕುವುದು ಒಂಬತ್ತನೆಯ ತರಗತಿ ಮುಗಿದ ಬೇಸಿಗೆಯಿಂದ ಹನ್ನೊಂದು ಮುಗಿದ ಬೇಸಿಗೆಯವರೆಗಿನ ಪಾಠಗಳಿಂದ. ಉಳಿದವರು ಈ ಎರಡು ವರ್ಷಗಳನ್ನೂ ತೋರಿಸಿದರೆ, ನಿಮ್ಮ ಮಗಳ ಕೈಯಲ್ಲಿ ಹತ್ತನೆಯ ತರಗತಿಯೊಂದೇ ಇರುತ್ತದೆ. ಕಠಿಣ ಪಾಠಗಳಿಗೆ ಸಿಗುವ ಹೆಚ್ಚುವರಿ ಅಂಕವನ್ನು ಒಟ್ಟು 8 ಸೆಮಿಸ್ಟರುಗಳಿಗೆ ಮಾತ್ರ ಕೊಡುತ್ತಾರೆ, ಅದರಲ್ಲಿ ಹತ್ತನೆಯ ತರಗತಿಯದು 4ನ್ನು ಮೀರುವಂತಿಲ್ಲ. ಎಸ್‌ಎಟಿ ಎಂಬ ಪ್ರವೇಶ ಪರೀಕ್ಷೆಯ ಅಂಕವನ್ನು ಯುಸಿ ನೋಡುವುದೇ ಇಲ್ಲವಾದ್ದರಿಂದ ಅದರಲ್ಲಿ ಸರಿದೂಗಿಸಿಕೊಳ್ಳುವ ಹಾಗೂ ಇಲ್ಲ. ಆದ್ದರಿಂದ ಒಂದು ವರ್ಷ ಮೊದಲೇ ಹೊರಡುವವರು ಅಷ್ಟೇ ಪ್ರತಿಭೆಯಿದ್ದರೂ ಹಗುರವಾದ ಗಂಟಿನೊಂದಿಗೆ ಬಾಗಿಲಿಗೆ ಬರುತ್ತಾರೆ. ಯುಸಿಯ ಬರ್ಕ್ಲಿ, ಲಾಸ್ ಏಂಜಲೀಸ್‌ಗಳೇ ಬೇಕೆಂದಿದ್ದರೆ ಇದು ದೊಡ್ಡ ಬೆಲೆ.

ಷಿಕಾಗೊದ ಅಪ್ಪ

ಯಾರೂ ಕೇಳದ ಪ್ರಶ್ನೆಯೊಂದನ್ನು ಕೇಳುತ್ತೇನೆ, ತಪ್ಪು ತಿಳಿಯಬೇಡಿ. ನಿಮ್ಮದು ಯಾವ ವೀಸಾ?

ಫ್ರೀಮಾಂಟ್‌ನ ತಾಯಿ

ಯಜಮಾನರದು ಎಚ್‌-1ಬಿ ಎಂಬ ಕೆಲಸದ ವೀಸಾ, ನನ್ನದೂ ಮಗಳದೂ ಅವರ ಅವಲಂಬಿತರಿಗೆ ಸಿಗುವ ಎಚ್‌-4. ಇಲ್ಲಿ ಶಾಶ್ವತವಾಗಿ ನೆಲೆಸಲು ಬೇಕಾದ ಗ್ರೀನ್ ಕಾರ್ಡಿನ ಸಾಲಿನಲ್ಲಿ ನಿಂತು ವರ್ಷಗಳಾದವು. ಮೊದಲ ಬರಹದಲ್ಲಿ ಇದನ್ನು ಬರೆಯಲು ಕೈ ಬರಲಿಲ್ಲ. 18ಕ್ಕೆ ಸೇರಿದರೆ 22ಕ್ಕೆ ಪದವಿ, 17ಕ್ಕೆ ಸೇರಿದರೆ 21ಕ್ಕೆ. ಈ ಲೆಕ್ಕವನ್ನು ನಾನು ರಾತ್ರಿ ಮಲಗಿದಲ್ಲಿ ಎಷ್ಟು ಸಲ ಹಾಕಿದ್ದೇನೋ ತಿಳಿಯದು. ಮಗಳ ಎದುರು ಒಮ್ಮೆಯೂ ಆಡಿಲ್ಲ.

ಷಿಕಾಗೊದ ಅಪ್ಪ

ನಾನೂ ಅದೇ ಸಾಲಿನಲ್ಲಿ ನಿಂತವನು. ತಿಳಿಯದವರಿಗಾಗಿ ಹೇಳುತ್ತೇನೆ: ಎಚ್‌-4ರಲ್ಲಿರುವ ಮಗುವಿಗೆ 21 ತುಂಬಿದ ದಿನ ಆ ಸ್ಥಾನ ಮುಗಿಯುತ್ತದೆ. ಅಷ್ಟರೊಳಗೆ ಗ್ರೀನ್ ಕಾರ್ಡ್ ಬಾರದಿದ್ದರೆ ಎಫ್‌-1 ವಿದ್ಯಾರ್ಥಿ ವೀಸಾಕ್ಕೆ ಬದಲಾಗಬೇಕು. ಚಿಕ್ಕಂದಿನಿಂದ ಇಲ್ಲೇ ಬೆಳೆದ ಮಗು ಕಾಗದದ ಮೇಲೆ ವಿದೇಶಿ ವಿದ್ಯಾರ್ಥಿಯಾಗುತ್ತದೆ. ಯುಸಿಯಲ್ಲಿ ಹೊರಗಿನವರಿಗೆ ವಿಧಿಸುವ ಹೆಚ್ಚುವರಿ ಶುಲ್ಕವೇ ವರ್ಷಕ್ಕೆ 30,000 ಡಾಲರಿಗೂ ಹೆಚ್ಚು. ನಮ್ಮ ದೊಡ್ಡ ಮಗ ಪದವಿಯ ಮೂರನೆಯ ವರ್ಷದ ಕೊನೆಗೆ 21 ತುಂಬಿದವನು. ಆ ಕೊನೆಯ ವರ್ಷ ನಮ್ಮ ಮನೆಯಲ್ಲಿ ಆಡಿದ ಮಾತುಗಳನ್ನು, ಮಾಡಿದ ಸಾಲವನ್ನು ನಾನು ಮರೆಯಲಾರೆ. ಇಂಥ ಪರಿಸ್ಥಿತಿಯಲ್ಲಿ ಒಂದು ವರ್ಷ ಎಂಬುದು ಸಣ್ಣ ಸಂಗತಿಯಲ್ಲ. ನಾನಾಗಿದ್ದರೆ ಮಗಳನ್ನು ಖಂಡಿತ ಕಳಿಸುತ್ತಿದ್ದೆ.

ಬೆಲ್‌ವ್ಯೂ ನಿವಾಸಿ

ನೋವು ಅರ್ಥವಾಗುತ್ತದೆ, ಆದರೆ ಲೆಕ್ಕವನ್ನು ಮತ್ತೊಮ್ಮೆ ನೋಡಿ. 18ಕ್ಕೆ ಸೇರಿ ಮೂರು ವರ್ಷದಲ್ಲಿ ಪದವಿ ಮುಗಿಸಿದರೂ ಮುಗಿಯುವುದು 21ಕ್ಕೇ.

ಷಿಕಾಗೊದ ಅಪ್ಪ

ಮೂರು ವರ್ಷಕ್ಕೆ ಮುಗಿಸಿಯೇ ತೀರುತ್ತಾಳೆಂದು ಯಾರು ಬರೆದುಕೊಡುತ್ತಾರೆ? ಒಂದು ಪಾಠ ಆ ಸೆಮಿಸ್ಟರಿನಲ್ಲಿ ಇಲ್ಲವೆಂದರೆ, ಮಧ್ಯದಲ್ಲಿ ವಿಷಯ ಬದಲಿಸಿದರೆ, ಆ ಲೆಕ್ಕವೆಲ್ಲ ಮುಗಿಯಿತು. ಕೈಯಲ್ಲಿರುವ ವರ್ಷವನ್ನು ಈಗಲೇ ಉಳಿಸಿಕೊಳ್ಳುವುದು ಲೇಸು.

ಸ್ಯಾನ್ ಹೋಸೆಯ ಸಲಹೆಗಾರ್ತಿ

ಇಬ್ಬರ ಮಾತಿನಲ್ಲೂ ಸತ್ಯವಿದೆ. ವೀಸಾದ ವಿಚಾರವನ್ನು ವಲಸೆ ವಕೀಲರೊಂದಿಗೆ ಕುಳಿತು ಮಾತನಾಡಿ; 2002ರ ಕಾನೂನಿನ ಪ್ರಕಾರ ತಂದೆಯ ಅರ್ಜಿ ಪರಿಶೀಲನೆಯಲ್ಲಿದ್ದ ದಿನಗಳನ್ನು ಗ್ರೀನ್ ಕಾರ್ಡಿಗಾಗಿ ಮಗುವಿನ ವಯಸ್ಸನ್ನು ಎಣಿಸುವಾಗ ಕಳೆಯುತ್ತಾರೆ. ಆದರೆ ಅದಕ್ಕಿಂತ ಮೊದಲು ಮಗಳೊಂದಿಗೆ ಮಾತನಾಡಿ. 16 ವರ್ಷದವಳಿಗೆ ತನ್ನದೇ ಬದುಕಿನ ಈ ಗಡುವು ತಿಳಿದಿರುವುದು ನ್ಯಾಯ.

ಹದಿನೇಳಕ್ಕೆ ಹೊರಟವಳು

ನನಗೀಗ 24 ವರ್ಷ. ನ್ಯೂಜೆರ್ಸಿಯಲ್ಲಿ ಬೆಳೆದವಳು, ಕನ್ನಡ ಓದಲು ಬರೆಯಲು ಅಜ್ಜಿ ಕಲಿಸಿದರು, ತಪ್ಪಿದ್ದರೆ ತಿದ್ದಬೇಕು. ನಾನು ಹೈಸ್ಕೂಲನ್ನು ಮೂರೇ ವರ್ಷದಲ್ಲಿ ಮುಗಿಸಿದೆ, ಆದ್ದರಿಂದ ಒಳಗಿನಿಂದ ನೋಡಿದ್ದನ್ನು ಹೇಳಬಲ್ಲೆ.

ಓದು ಕಷ್ಟವಾಗಲಿಲ್ಲ. ಕಷ್ಟವಾದದ್ದು ಸಣ್ಣ ಸಣ್ಣ ವಿಷಯಗಳು. ಮೊದಲ ಸೆಮಿಸ್ಟರಿನಲ್ಲಿ ಜ್ವರ ಹೆಚ್ಚಾಗಿ ಆಸ್ಪತ್ರೆಗೆ ಹೋದಾಗ, 18 ತುಂಬಿಲ್ಲವೆಂದು ಅಮ್ಮನ ಒಪ್ಪಿಗೆಗಾಗಿ ಫೋನಿನಲ್ಲಿ ಗಂಟೆಗಟ್ಟಲೆ ಕಾಯಿಸಿದರು. ಅದೇ ಸೆಮಿಸ್ಟರಿನ ಕೊನೆಗೆ ಒಂದು ವಿಷಯದಲ್ಲಿ ಅನುತ್ತೀರ್ಣಳಾದಾಗ ಕಾಲೇಜು ಅಮ್ಮನಿಗೆ ಏನನ್ನೂ ಹೇಳಲಿಲ್ಲ, ಏಕೆಂದರೆ ಇಲ್ಲಿನ ಕಾನೂನಿನಲ್ಲಿ ಯಾವ ವಯಸ್ಸಿನವರೇ ಆಗಲಿ, ಕಾಲೇಜಿಗೆ ಸೇರಿದ ಕೂಡಲೇ ಅಂಕಪಟ್ಟಿಯ ಹಕ್ಕು ವಿದ್ಯಾರ್ಥಿಯದಾಗುತ್ತದೆ. ಒಂದು ಕಡೆ ನಾನು ಮಗು, ಇನ್ನೊಂದು ಕಡೆ ದೊಡ್ಡವಳು. ಆ ಅನುತ್ತೀರ್ಣದ ವಿಷಯವನ್ನು ಮನೆಗೆ ತಿಳಿಸಲು ನನಗೆ ನಾಲ್ಕು ತಿಂಗಳು ಬೇಕಾಯಿತು. ಮಗಳು ಹೋಗುವುದೇ ಆದರೆ, ಚಿಕಿತ್ಸೆಯ ಒಪ್ಪಿಗೆಪತ್ರವನ್ನು ಮೊದಲೇ ಬರೆದು ಕೊಟ್ಟು ಕಳಿಸಿ. ಅಂಕಗಳ ವಿಷಯದಲ್ಲಿ ಏನು ಹೇಳಬೇಕು, ಯಾವಾಗ ಹೇಳಬೇಕು ಎಂಬುದನ್ನು ಮೊದಲೇ ಇಬ್ಬರೂ ಮಾತಾಡಿಕೊಳ್ಳಿ.

ಹೋದದ್ದಕ್ಕೆ ಪಶ್ಚಾತ್ತಾಪವಿದೆಯೇ ಎಂದು ಕೇಳಿದರೆ, ಇಲ್ಲ. ಎರಡನೆಯ ವರ್ಷದಲ್ಲಿ ನನ್ನವರು ಎನ್ನಿಸುವ ಗೆಳತಿಯರು ಸಿಕ್ಕರು. ಆದರೆ ನಾನು ಯಾಕೆ ಹೋದೆನೆಂಬುದನ್ನು ಆಗ ಯಾರಿಗೂ ನಿಜವಾಗಿ ಹೇಳಿರಲಿಲ್ಲ. ಪಾಠ ಸುಲಭವಾಯಿತೆಂದು ಹೇಳಿದ್ದೆ. ನಿಜವೆಂದರೆ ಆ ಶಾಲೆಯಲ್ಲಿ ನನಗೆ ಯಾರೂ ಇರಲಿಲ್ಲ. ಆಂಟಿ, ಒಂದು ಪ್ರಶ್ನೆ ಕೇಳಿ ನೋಡಿ: ಶಾಲೆಯಲ್ಲಿ ಮಧ್ಯಾಹ್ನದ ಊಟವನ್ನು ಅವಳು ಯಾರ ಜೊತೆ ಮಾಡುತ್ತಾಳೆ?

ಮೈಸೂರಿನ ನಿವೃತ್ತ ಉಪನ್ಯಾಸಕ

ಮಗಳೇ, ನಿನ್ನ ಕನ್ನಡದಲ್ಲಿ ತಿದ್ದುವಂಥದ್ದೇನೂ ಇಲ್ಲ. 31 ವರ್ಷ ಮಕ್ಕಳ ಮುಂದೆ ನಿಂತಿದ್ದರೂ ಈ ಪ್ರಶ್ನೆಯನ್ನು ನಾನು ಯಾರಿಗೂ ಕೇಳಲಿಲ್ಲವಲ್ಲ ಎಂದು ಈಗ ಅನ್ನಿಸುತ್ತಿದೆ.

ಮಂಗಳೂರಿನ ವೈದ್ಯೆ

ಮಧ್ಯದಲ್ಲಿ ಒಂದು ಎಚ್ಚರಿಕೆ. ಮುಂದೆ ಮನಸ್ಸು ಬದಲಾಗಿ ಕರ್ನಾಟಕದಲ್ಲಿ ಎಂಬಿಬಿಎಸ್ ಓದಿಸುವ ಆಲೋಚನೆ ಯಾರಿಗಾದರೂ ಇದ್ದರೆ, ನೀಟ್ ಪರೀಕ್ಷೆಗೆ ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರಗಳನ್ನು ಹನ್ನೆರಡನೆಯ ತರಗತಿಯ ಮಟ್ಟಕ್ಕೆ ಓದಿರಬೇಕು. ವಿದೇಶದ ಡಿಪ್ಲೊಮಾಕ್ಕೆ ಸಮಾನತೆಯ ಪ್ರಮಾಣಪತ್ರವೂ ಬೇಕು, ಅಲ್ಲಿ 12 ವರ್ಷದ ಶಾಲಾ ವ್ಯಾಸಂಗದ ಪ್ರಶ್ನೆ ಬರುತ್ತದೆ. ನನ್ನ ಅಕ್ಕನ ಮಗ ಎಲ್ಲ ಮುಗಿಸಿಕೊಂಡು ಬಂದ ಮೇಲೆ ಈ ಕಾಗದಕ್ಕಾಗಿ ಒಂದು ವರ್ಷ ಅಲೆದ. ಬೇಗ ಮುಗಿಸಿ ಉಳಿಸಿದ ವರ್ಷ ಅಲ್ಲಿಗೆ ಖರ್ಚಾಯಿತು.

ಪ್ಲೆಸಂಟನ್‌ನ ಓದುಗ

ಇದೇ ಲೆಕ್ಕದಲ್ಲಿ ನನ್ನದೊಂದು ಪ್ರಶ್ನೆ. ಇನ್ನೊಂದು ಭಾಷೆ ಕಲಿಯಬೇಕೆಂಬ ಷರತ್ತಿಗಾಗಿ ನನ್ನ ಮಗ ಸ್ಪ್ಯಾನಿಷ್‌ಗೆ ಎರಡು ವರ್ಷ ಹಾಕಬೇಕಾಗಿದೆ. ಕನ್ನಡವನ್ನು ಆ ಜಾಗದಲ್ಲಿ ಎಣಿಸುವುದಿಲ್ಲವೇ?

ಬೆಲ್‌ವ್ಯೂ ನಿವಾಸಿ

ನಮ್ಮ ಶಾಲಾ ಜಿಲ್ಲೆಯಲ್ಲಿ ಎಣಿಸುತ್ತಾರೆ. ಮಗ ಕನ್ನಡದಲ್ಲಿ ಓದುವ, ಬರೆಯುವ, ಮಾತಾಡುವ ಪರೀಕ್ಷೆ ಬರೆದು ವಿಶ್ವಭಾಷೆಯ ಕ್ರೆಡಿಟ್ ಪಡೆದ. ಡಿಪ್ಲೊಮಾದ ಮೇಲೆ ದ್ವಿಭಾಷಾ ಮುದ್ರೆಯೂ ಬಂತು. ಭಾನುವಾರದ ಕನ್ನಡ ಶಾಲೆಗೆ ಹೋಗುವಾಗ ಮುಖ ಊದಿಸಿಕೊಳ್ಳುತ್ತಿದ್ದವನು ಆ ದಿನ ತಾನೇ ಅಜ್ಜನಿಗೆ ಫೋನ್ ಮಾಡಿದ.

ಸ್ಯಾನ್ ಹೋಸೆಯ ಸಲಹೆಗಾರ್ತಿ

ಕ್ಯಾಲಿಫೋರ್ನಿಯಾದಲ್ಲಿಯೂ ದಾರಿಗಳಿವೆ. ಆರನೆಯ ತರಗತಿ ಅಥವಾ ಅದಕ್ಕೂ ಮೇಲಿನ ಎರಡು ವರ್ಷಗಳನ್ನು ಇಂಗ್ಲಿಷಲ್ಲದ ಭಾಷೆಯ ಮಾಧ್ಯಮದಲ್ಲಿ ಓದಿ ಬಂದ ಮಕ್ಕಳಿಗೆ ಯುಸಿ ಭಾಷೆಯ ಷರತ್ತು ಪೂರೈಸಿದೆಯೆಂದೇ ತಿಳಿಯುತ್ತದೆ. ಕನ್ನಡ ಮಾಧ್ಯಮದಲ್ಲಿ ಏಳನೆಯ ತರಗತಿಯವರೆಗೆ ಓದಿ ಬಂದ ಹುಡುಗನೊಬ್ಬ ಅದನ್ನು ತಿಳಿಯದೆ ಸ್ಪ್ಯಾನಿಷ್ ಓದುತ್ತಿದ್ದುದನ್ನು ಕಂಡಿದ್ದೇನೆ. ಇಲ್ಲೇ ಬೆಳೆದ ಮಕ್ಕಳ ವಿಷಯದಲ್ಲಿ ನಿಮ್ಮ ಶಾಲೆಯ ಕೌನ್ಸೆಲರನ್ನು ಲಿಖಿತವಾಗಿ ಕೇಳಿ.

ಡಲ್ಲಾಸ್‌ನ ತಂದೆ

ಲಿಖಿತವಾಗಿ ಕೇಳಿ ಎಂಬ ಮಾತಿಗೆ ನನ್ನದೂ ಒಂದು ಸೇರ್ಪಡೆ. ಬೇಗ ಮುಗಿಸುವ ಉದ್ದೇಶವಿರುವವರು ಎಸ್‌ಎಟಿಗೆ ಪೂರ್ವಭಾವಿಯಾದ ಪಿಎಸ್‌ಎಟಿ ಪರೀಕ್ಷೆ ಬರೆಯುವ ಮೊದಲೇ ಶಾಲೆಗೆ ತಿಳಿಸಬೇಕು. ನ್ಯಾಷನಲ್ ಮೆರಿಟ್ ಎಂಬ ವಿದ್ಯಾರ್ಥಿವೇತನದ ಸ್ಪರ್ಧೆಗೆ ಸಾಮಾನ್ಯವಾಗಿ ಹನ್ನೊಂದನೆಯ ತರಗತಿಯಲ್ಲಿ ಬರೆದ ಆ ಪರೀಕ್ಷೆಯನ್ನು ಪರಿಗಣಿಸುತ್ತಾರೆ. ಮೂರು ವರ್ಷಕ್ಕೆ ಮುಗಿಸುವವರಿಗೆ ನಿಯಮ ಬೇರೆ. ನಾವು ಅದನ್ನು ತಿಳಿದುಕೊಂಡದ್ದು ತಡವಾಗಿ.

ಫ್ರೀಮಾಂಟ್‌ನ ತಾಯಿ

ನಾಲ್ಕು ದಿನ ಇಲ್ಲಿಗೆ ಬರಲಿಲ್ಲ, ಕ್ಷಮಿಸಿ. ಆ ಊಟದ ಪ್ರಶ್ನೆಯನ್ನು ಕೇಳಿದೆ.

ಶನಿವಾರ ಬೆಳಿಗ್ಗೆ ದೋಸೆ ಹುಯ್ಯುತ್ತಾ, ಆದಷ್ಟು ಸಹಜವಾಗಿ ಕೇಳಿದೆ. ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಲೈಬ್ರರಿಯಲ್ಲಿ" ಎಂದಳು. ಒಂಬತ್ತನೆಯ ತರಗತಿಯ ಕೊನೆಗೆ ಅವಳ ಏಕೈಕ ಆಪ್ತ ಗೆಳತಿಯ ಕುಟುಂಬ ಬೇರೆ ರಾಜ್ಯಕ್ಕೆ ಹೋಯಿತು. ಅಂದಿನಿಂದ ಇಂದಿನವರೆಗೆ, ಅಂದರೆ ಸುಮಾರು ಎಂಟು ತಿಂಗಳು, ನನ್ನ ಮಗಳು ಡಬ್ಬಿಯನ್ನು ಲೈಬ್ರರಿಯ ಮೂಲೆಯಲ್ಲಿ ಒಬ್ಬಳೇ ಕುಳಿತು ತಿಂದಿದ್ದಾಳೆ. ಪ್ರತಿದಿನ ಬೆಳಿಗ್ಗೆ ಆ ಡಬ್ಬಿ ಕಟ್ಟಿದವಳು ನಾನು. ಡಬ್ಬಿ ಖಾಲಿಯಾಗಿ ಬಂದಿದೆಯೇ ಎಂದು ನೋಡುತ್ತಿದ್ದೆನೇ ಹೊರತು ಬೇರೇನನ್ನೂ ಕೇಳಿರಲಿಲ್ಲ.

ವೀಸಾದ ವಿಷಯವನ್ನೂ ಅಂದೇ ಹೇಳಿದೆ. ಅವಳಿಗೆ ಮೊದಲೇ ಗೊತ್ತಿತ್ತು. ನಮಗೆ ಬೇಸರವಾದೀತೆಂದು ಅವಳೂ ಆಡಿರಲಿಲ್ಲವಂತೆ. ತನ್ನ ಪಟ್ಟಿಯ ಹಿಂಬದಿಯಲ್ಲಿ 21ರ ಲೆಕ್ಕವನ್ನು ನನಗಿಂತ ಅಚ್ಚುಕಟ್ಟಾಗಿ ಬರೆದಿಟ್ಟಿದ್ದಳು.

ಗಣಿತದ ಆಸೆ ಸುಳ್ಳಲ್ಲ, ಕಮ್ಯುನಿಟಿ ಕಾಲೇಜಿನ ಆ ತರಗತಿಯಲ್ಲಿ ತನ್ನಂಥವರು ಸಿಕ್ಕರೆಂದು ಹೇಳುವಾಗ ಅವಳ ಮುಖವೇ ಬೇರೆಯಾಗಿತ್ತು. ಈಗ ಇದನ್ನು ತಿಳಿದ ಮೇಲೆ ಕಳಿಸಬೇಕೇ, ಇರಿಸಿಕೊಳ್ಳಬೇಕೇ ಎಂಬುದು ನನಗೆ ಮೊದಲಿಗಿಂತ ಕಷ್ಟವಾಗಿದೆ.

ಷಿಕಾಗೊದ ಅಪ್ಪ

ತಂಗಿ, ನನ್ನ ಮೊದಲ ಮಾತನ್ನು ಅಷ್ಟು ಬಿಗಿಯಾಗಿ ಹೇಳಬಾರದಿತ್ತು. ವೀಸಾ ಎಂಬುದು ನನ್ನ ಗಾಯ, ಅದನ್ನೇ ಮುಂದೆ ಹಿಡಿದೆ. ಒಂಟಿಯಾಗಿರುವ ಮಗುವನ್ನು ಒಂಟಿಯಾಗಿಯೇ ದೂರದ ಹಾಸ್ಟೆಲಿಗೆ ಕಳಿಸುವ ಮುನ್ನ ನಾನೂ ಎರಡು ಸಲ ಯೋಚಿಸುತ್ತಿದ್ದೆ.

ಹದಿನೇಳಕ್ಕೆ ಹೊರಟವಳು

ಆಂಟಿ, ನಿಮ್ಮನ್ನು ನೀವು ದೂರಿಕೊಳ್ಳಬೇಡಿ. ನನ್ನ ಅಮ್ಮನೂ ಡಬ್ಬಿಯನ್ನೇ ನೋಡುತ್ತಿದ್ದರು. ನಾವು ಚೆನ್ನಾಗಿ ಬಚ್ಚಿಡುತ್ತೇವೆ.

ಅವಳು ಶಾಲೆಯಿಂದ ಓಡಿಹೋಗಲು ನೋಡುತ್ತಿದ್ದಾಳೋ, ಆ ಗಣಿತದ ತರಗತಿಯ ಕಡೆಗೆ ಹೋಗಲು ನೋಡುತ್ತಿದ್ದಾಳೋ ಎಂಬುದು ಅವಳಿಗೂ ಇನ್ನೂ ಸ್ಪಷ್ಟವಿರಲಾರದು. ನನಗಂತೂ ಇರಲಿಲ್ಲ. ಹಾಸ್ಟೆಲಿಗೆ ಹೋದ ಮೊದಲ ವರ್ಷ ನಾನು ಅಲ್ಲಿಯೂ ಒಬ್ಬಳೇ ಊಟ ಮಾಡಿದೆ.

ಸ್ಯಾನ್ ಹೋಸೆಯ ಸಲಹೆಗಾರ್ತಿ

ಹಾಗಾದರೆ ಆಯ್ಕೆ ಎರಡೇ ಅಲ್ಲ. 'ಮಿಡ್ಲ್ ಕಾಲೇಜು' ಎಂಬ ಶಾಲೆಗಳಿವೆ. 1974ರಲ್ಲಿ ನ್ಯೂಯಾರ್ಕ್‌ನ ಲಗಾರ್ಡಿಯಾ ಕಮ್ಯುನಿಟಿ ಕಾಲೇಜಿನಲ್ಲಿ ಶುರುವಾದ ಈ ಪದ್ಧತಿ ಕ್ಯಾಲಿಫೋರ್ನಿಯಾದ ಹಲವು ಕಡೆ ಇದೆ. ಮಕ್ಕಳು ಹೈಸ್ಕೂಲಿನ ವಿದ್ಯಾರ್ಥಿಗಳಾಗಿಯೇ ಉಳಿದು, ಕಮ್ಯುನಿಟಿ ಕಾಲೇಜಿನ ಆವರಣದಲ್ಲಿ ಸಣ್ಣ ಗುಂಪಾಗಿ ಓದುತ್ತಾರೆ. ಆ ಲೈಬ್ರರಿಯ ಮೂಲೆಯಿಂದ ಅವಳು ಮುಂದಿನ ಆಗಸ್ಟಿನಲ್ಲಿಯೇ ಹೊರಬರಬಹುದು. ಡಿಪ್ಲೊಮಾವನ್ನು ಬೇಗ ಪಡೆಯಬೇಕೇ ಎಂಬುದನ್ನು ಆಮೇಲೆ ನೋಡಬಹುದು. ಅರ್ಜಿಯ ಗಡುವು ಬಹುತೇಕ ವಸಂತದಲ್ಲಿಯೇ ಇರುವುದರಿಂದ ಈ ವಾರವೇ ವಿಚಾರಿಸಿ.

ಬೇಗ ಮುಗಿಸಿದರೂ ನೇರವಾಗಿ ಯುಸಿಗೇ ಹೋಗಬೇಕೆಂದಿಲ್ಲ. ಮನೆಯಲ್ಲಿದ್ದುಕೊಂಡು ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷ ಓದಿ ಮೂರನೆಯ ವರ್ಷಕ್ಕೆ ವರ್ಗಾವಣೆಯಾಗಬಹುದು. ರಾಜ್ಯದ ನಿವಾಸಿಗಳಿಗೆ ಶುಲ್ಕ ಒಂದು ಯೂನಿಟ್ಟಿಗೆ 46 ಡಾಲರ್. ಯುಸಿಯ ಶಾಖೆಗಳಾದ ಡೇವಿಸ್, ಅರ್ವೈನ್, ಸ್ಯಾಂಟಾ ಬಾರ್ಬರಾ, ಸ್ಯಾಂಟಾ ಕ್ರೂಜ್, ರಿವರ್‌ಸೈಡ್, ಮರ್ಸೆಡ್‌ಗಳು ನಿಗದಿತ ಅಂಕ ಪಡೆದವರಿಗೆ ಸ್ಥಾನವನ್ನು ಖಚಿತಪಡಿಸುವ ಒಪ್ಪಂದವನ್ನೂ ಮಾಡಿಕೊಳ್ಳುತ್ತವೆ, ಆದರೆ ಎಲ್ಲ ವಿಷಯಗಳಿಗೂ ಅಲ್ಲ.

ಯಾವ ದಾರಿ ಹಿಡಿದರೂ ಈ ಬೇಸಿಗೆಯಲ್ಲಿ ಕಾಲೇಜಿನ ಇಂಗ್ಲಿಷ್ ಪಾಠವನ್ನು ಮುಗಿಸಲಿ. ಅದು ಮುಗಿದರೆ ನಿರ್ಧಾರವನ್ನು ಅಕ್ಟೋಬರಿನವರೆಗೆ ತಡೆಹಿಡಿಯಬಹುದು. ಒಂದು ಎಚ್ಚರಿಕೆ, ಆ ಪಾಠದ ಅಂಕ ಕಾಲೇಜಿನ ಶಾಶ್ವತ ದಾಖಲೆಯಲ್ಲಿ ಉಳಿಯುತ್ತದೆ, ಆದ್ದರಿಂದ ಅದರ ಜೊತೆಗೆ ಇನ್ನೆರಡು ಪಾಠಗಳನ್ನು ಹೇರಬೇಡಿ.

ಬೆಲ್‌ವ್ಯೂ ನಿವಾಸಿ

ಇದು ನಮ್ಮ ರನ್ನಿಂಗ್ ಸ್ಟಾರ್ಟ್‌ಗೆ ಬಹಳ ಹತ್ತಿರವಾಗಿದೆ. ನನ್ನ ಮಗನಿಗೆ ಗೆಳೆಯರು ಸಿಕ್ಕಿದ್ದು ಹೈಸ್ಕೂಲಿನಲ್ಲಲ್ಲ, ಆ ಕಾಲೇಜಿನ ಪ್ರಯೋಗಾಲಯದಲ್ಲಿ.

ಡಲ್ಲಾಸ್‌ನ ತಂದೆ

ನಾನು ಈಗಲೂ ಬೇಗ ಮುಗಿಸುವುದರ ಪರವಾಗಿಯೇ ಇದ್ದೇನೆ. ಆದರೆ ನವೆಂಬರಿನ ಅರ್ಜಿಯನ್ನು ಅವಳು ಬರೆಯುವಾಗ ಹೊಸ ಜಾಗದಲ್ಲಿ ಮೂರು ತಿಂಗಳು ಕಳೆದಿರುತ್ತಾಳೆ. ಆಗ ಅವಳ ಉತ್ತರಕ್ಕೆ ಹೆಚ್ಚು ತೂಕವಿರುತ್ತದೆ.

ಮೈಸೂರಿನ ನಿವೃತ್ತ ಉಪನ್ಯಾಸಕ

ಅಷ್ಟರಲ್ಲಿ ಹಾಸನದ ಅಜ್ಜಿಗೂ ಒಮ್ಮೆ ಸಮಾಧಾನವಾಗಿ ವಿವರಿಸಿ, ತಾಯಿ. ಅವರ ಆತಂಕವೂ ಪ್ರೀತಿಯಿಂದ ಬಂದದ್ದೇ.

ಫ್ರೀಮಾಂಟ್‌ನ ತಾಯಿ

ಇಂದು ಮಧ್ಯಾಹ್ನ ಮೂವರೂ ಕೌನ್ಸೆಲರ್ ಬಳಿ ಹೋಗಿದ್ದೆವು. ಸಮೀಪದ ಕಾಲೇಜಿನ ಆವರಣದಲ್ಲಿ ಅಂಥ ಶಾಲೆಯಿದೆ, ಅರ್ಜಿಗೆ ಇನ್ನು 11 ದಿನಗಳಿವೆ. ಬೇಸಿಗೆಯ ಇಂಗ್ಲಿಷ್ ಪಾಠಕ್ಕೆ ಪ್ರಾಂಶುಪಾಲರ ಸಹಿ ಸಿಕ್ಕಿತು; ಹೈಸ್ಕೂಲಿನ ಮಕ್ಕಳಿಂದ ಆ ಕಾಲೇಜು ಬೋಧನಾ ಶುಲ್ಕ ತೆಗೆದುಕೊಳ್ಳುವುದಿಲ್ಲವಂತೆ. ಮಗಳು ತನ್ನ ಹಾಳೆಯಲ್ಲಿ "ಜೂನ್‌ಗೆ ಡಿಪ್ಲೊಮಾ" ಎಂಬ ಸಾಲನ್ನು ಹೊಡೆದುಹಾಕಲಿಲ್ಲ. ಅದರ ಮುಂದೆ ಪೆನ್ಸಿಲಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಅಕ್ಟೋಬರ್ 15 ಎಂದು ಬರೆದಿದ್ದಾಳೆ. ಆ ದಿನ ಏನು ಹೇಳುತ್ತಾಳೋ ಅದನ್ನು ಕೇಳುತ್ತೇವೆಂದು ನಾವಿಬ್ಬರೂ ಮಾತು ಕೊಟ್ಟಿದ್ದೇವೆ.

ಅಲ್ಲಿಂದ ಬರುವಾಗ ಕಾರಿನಲ್ಲಿ, ಇಲ್ಲಿ ಬರೆದ ಆ 24 ವರ್ಷದ ಅಕ್ಕನ ಜೊತೆ ಮಾತಾಡಬಹುದೇ ಎಂದು ಕೇಳಿದಳು.

ಹದಿನೇಳಕ್ಕೆ ಹೊರಟವಳು

ಖಂಡಿತ ಮಾತಾಡಬಹುದು, ಆಂಟಿ. ಭಾನುವಾರ ಸಂಜೆ ನನಗೆ ಬಿಡುವಿರುತ್ತದೆ. ಅವಳ ಆ ಹಾಳೆಯನ್ನೂ ಜೊತೆಗೆ ಇಟ್ಟುಕೊಳ್ಳಲು ಹೇಳಿ.